ಪಾಲಾಗದ ಕಾರು

ವಿಜಯಪುರಕ್ಕೆ ಬಂದ ಪ್ರವಾಸಿಕರಲ್ಲಿ ಕೋಟೆಯ ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ ತೋಪನ್ನು ನೋಡದೆ ಹಿಂದಿರುಗುವವರು ವಿರಳ. 1549ರಲ್ಲಿ ಅಹಮದನಗರದಲ್ಲಿ ಎರಕಗೊಂಡ, ಸುಮಾರು 55 ಟನ್ನು ತೂಗುವ ಈ ತೋಪು ಒಮ್ಮೆ ಮೋಡಕಾ ಸಾಮಾನಿನ ಸಾಲಿನಲ್ಲಿ ಹರಾಜಿಗೆ ನಿಂತಿತ್ತೆಂಬ ಸಂಗತಿ ಮಾತ್ರ ಎಲ್ಲರಿಗೂ ತಿಳಿದಿರಲಾರದು. 1854ರಲ್ಲಿ, ಉಪಯೋಗಕ್ಕೆ ಬಾರದ ಸರಕಾರಿ ಸಾಮಾನುಗಳನ್ನೆಲ್ಲ ಮಾರಿಬಿಡಬೇಕೆಂಬ ಆಜ್ಞೆಯಾಯಿತು. ತೋಪಿಗೆ ಬಂದ ಅತ್ಯಧಿಕ ಸವಾಲು 150 ರೂಪಾಯಿ. ಬೆಲೆ ತೀರ ಅಲ್ಪವಾಯಿತೆಂದು ಅಂದಿನ ಅಧಿಕಾರಿಯೊಬ್ಬನಿಗೆ ಅನಿಸಿತು, ಹರಾಜು ನಿಂತಿತು, ತೋಪು ಉಳಿಯಿತು. ತೂಕಕ್ಕೆ ಬೆಲೆ ಕಟ್ಟುವವನಿಗೂ ವಸ್ತುವಿಗೆ ಬೆಲೆ ಕಟ್ಟುವವನಿಗೂ ಇರುವ ಜಗಳ ಆ ಊರಿಗೆ ಹೊಸದೇನೂ ಅಲ್ಲ.

2023ರ ಬೇಸಿಗೆಯಲ್ಲಿ ತಿಕೋಟಾದ ಒಂದು ದ್ರಾಕ್ಷಿ ಪಡದ ಶೆಡ್ಡಿನಲ್ಲಿ ಮೋಡಕಾ ವ್ಯಾಪಾರಿಯೊಬ್ಬ ಇಂಥದೇ ಒಂದು ಸವಾಲು ಕೂಗಿದನು. ವಸ್ತು, ಹದಿನಾಲ್ಕು ವರ್ಷ ತಾಡಪತ್ರಿಯ ಕೆಳಗೆ ಮಲಗಿದ್ದ, 1986ರ ಒಂದು ಕಾಂಟೆಸಾ ಕಾರು. ಬೆಲೆ 22,000 ರೂಪಾಯಿ. ಟಾಯರುಗಳು ಕೊಳೆತದ್ದರಿಂದ ಎತ್ತಿ ಒಯ್ಯುವ ಖರ್ಚು ಅದರಲ್ಲೇ ಕಳೆಯತಕ್ಕದ್ದು. ಪಡದ ಯಜಮಾನ ವಿಜಯಪುರದಲ್ಲಿದ್ದ ತನ್ನ ತಮ್ಮನಿಗೆ ಫೋನು ಮಾಡಿದ. ಆರು ವರ್ಷಗಳಲ್ಲಿ ಅಣ್ಣ ತಮ್ಮಂದಿರು ಮಾತಾಡಿದ್ದು ಅದು ಎರಡನೆಯ ಸಲವೋ ಮೂರನೆಯ ಸಲವೋ. "ಒಣದ್ರಾಕ್ಷಿ ಇಡಾಕ ಜಾಗಾ ಬೇಕಾಗೇದ. ಬೇಕಂದ್ರ ಒಯ್ಯಿ, ಇಲ್ಲಂದ್ರ ನಾಳೆ ತೂಕಕ್ಕ ಹಾಕ್ತೀನಿ" ಎಂದಷ್ಟೇ ಹೇಳಿ ಫೋನು ಇಟ್ಟ.

ತಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರರು. ಐವತ್ತರ ಗಡಿ ದಾಟಿದವರು. ಸೈಕಲ್ಲಿನ ಸರಪಳಿ ಕಳಚಿದರೆ ಹಾಕಿಕೊಳ್ಳುವಷ್ಟು ಯಂತ್ರಜ್ಞಾನ ಅವರದು. ಮಾರನೆಯ ಬೆಳಿಗ್ಗೆ ಬಾಡಿಗೆಯ ಟ್ರ್ಯಾಕ್ಟರು ಮತ್ತು ನಾಲ್ಕು ಆಳುಗಳೊಡನೆ ತಿಕೋಟಾಕ್ಕೆ ಹೋಗಿ, ಅಣ್ಣ ಪಡದ ಆಚೆ ತುದಿಯಲ್ಲಿ ಬೆನ್ನು ಮಾಡಿ ನಿಂತಿರುವಾಗಲೇ, ಕಾರನ್ನು ಟ್ರಾಲಿಗೆ ಏರಿಸಿಕೊಂಡು ಬಂದರು. ಮನೆಯ ಮುಂದಿನ ಬಯಲಿನಲ್ಲಿ ಅದನ್ನು ಇಳಿಸಿದಾಗ ಅವರ ಮಡದಿ ಒಂದೇ ಮಾತು ಕೇಳಿದಳು: "ಇದಕ್ಕ ಜಾಗಾ ಮಾಡಾಕ ಯಾರನ್ನ ಹೊರಗ ಹಾಕ್ತೀರಿ?"

ಕಾಂಟೆಸಾ ಎಂದರೆ ಏನೆಂಬುದನ್ನು ಇಂದಿನ ತರುಣರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಅಮೇರಿಕದಲ್ಲಿ 1964ರಲ್ಲಿ ಪಾಂಟಿಯಾಕ್ ಕಂಪನಿಯವರು ಜಿಟಿಓ ಎಂಬ ಕಾರನ್ನು ಹೊರತಂದರು. ನಡುಗಾತ್ರದ ಒಡಲಿಗೆ ಎಂಟು ಸಿಲಿಂಡರಿನ, ಸುಮಾರು 6,400 ಸಿಸಿಯ ಭಾರಿ ಎಂಜಿನು ಕೂಡಿಸಿದ್ದರು. ಅಲ್ಲಿಂದ ಹತ್ತು ವರ್ಷ ಆ ದೇಶದಲ್ಲಿ ಇಂಥ ಜಟ್ಟಿ ಕಾರುಗಳ ಕಾಲ. ಜನ ಅವಕ್ಕೆ ಮಸಲ್ ಕಾರುಗಳೆಂದು ಹೆಸರಿಟ್ಟರು. 1973ರ ತೈಲ ಬಿಕ್ಕಟ್ಟು ಬಂದು ಆ ಕುಸ್ತಿಯ ಅಖಾಡವನ್ನು ಮುಚ್ಚಿಸಿತು. ನಮ್ಮ ದೇಶದಲ್ಲಿ ಅಂಥ ಕಾರು ಹುಟ್ಟಲೇ ಇಲ್ಲ. ಆದರೆ ಉದ್ದ ಮೂತಿ, ಅಗಲ ಎದೆ, ನೆಲಕ್ಕೆ ಒರಗಿದಂಥ ನಿಲುವು ಇವನ್ನು ನೋಡಿ ಜನ ಆ ಬಿರುದನ್ನು ಕಾಂಟೆಸಾಕ್ಕೆ ಕೊಟ್ಟರು. ಇಂಗ್ಲಂಡಿನ ವಾಕ್ಸ್‌ಹಾಲ್ ಕಂಪನಿ 1972ರಿಂದ 1978ರ ವರೆಗೆ ತಯಾರಿಸಿ ಕೈಬಿಟ್ಟ ವಿಕ್ಟರ್ ಕಾರಿನ ಅಚ್ಚುಗಳನ್ನು ಕೊಂಡು ಹಿಂದೂಸ್ತಾನ್ ಮೋಟರ್ಸ್‌ದವರು ಬಂಗಾಲದ ಉತ್ತರಪಾರಾದಲ್ಲಿ 1984ರಲ್ಲಿ ಇದನ್ನು ಹೊರತಂದರು. ಒಡಲೇನೋ ಜಟ್ಟಿಯದು, ಒಳಗಿನ ಹೃದಯ ಮಾತ್ರ ಮನೆಯ ಅಂಬ್ಯಾಸಿಡರದೇ. ಅದೇ 1,489 ಸಿಸಿ, ಅದೇ ಸುಮಾರು ಐವತ್ತು ಕುದುರೆಗಳ ಶಕ್ತಿ. ಮುಂದೆ ಜಪಾನಿನ ಇಸುಜು ಕಂಪನಿಯ 1.8 ಲೀಟರಿನ ಎಂಜಿನು ಬಂದ ಮೇಲೆ ಕಾರಿಗೆ ಮೈಗೆ ತಕ್ಕ ಉಸಿರು ಬಂದಿತು. ಮಾಸ್ತರರದು ಮೊದಲ ಜಾತಿಯದು. ಘಾಟಿನಲ್ಲಿ ಲಾರಿಗಳೂ ಅದನ್ನು ಹಿಂದೆ ಹಾಕುತ್ತಿದ್ದವು. ಆದರೂ 2002ರಲ್ಲಿ ತಯಾರಿಕೆ ನಿಲ್ಲುವ ವರೆಗೆ ಮಂತ್ರಿಗಳು, ಸಾಹುಕಾರರು, ಸಿನೇಮಾದ ಖಳನಾಯಕರು ಎಲ್ಲರೂ ಅದರಲ್ಲೇ ತಿರುಗಿದರು. ದರ್ಪಕ್ಕೂ ವೇಗಕ್ಕೂ ಸಂಬಂಧವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಮಾಸ್ತರರ ತಂದೆ 1992ರಲ್ಲಿ ಇದನ್ನು ಸೊಲ್ಲಾಪುರದ ಒಬ್ಬ ವ್ಯಾಪಾರಿಯಿಂದ ಹಳತಾಗಿ ಕೊಂಡರು. ಜೋಳದ ಎರೆಹೊಲದ ಒಂದು ತುಂಡಿನಲ್ಲಿ ದ್ರಾಕ್ಷಿ ಹಚ್ಚಿ, ಮೊದಲ ಸಲ ಕೈತುಂಬ ಹಣ ಕಂಡ ವರ್ಷ ಅದು. ತುಬಚಿ-ಬಬಲೇಶ್ವರ ಏತ ನೀರಾವರಿಯ ಹೆಸರನ್ನು ಯಾರೂ ಕೇಳಿರದ ಕಾಲ. ಬಾವಿ, ಬೋರು ಬಿಟ್ಟರೆ ಆಕಾಶವೇ ಗತಿ. ಅಂಥಲ್ಲಿ ಇನ್ನೊಂದು ಬೋರು ಹೊಡೆಸಬೇಕಾದ ಹಣದಲ್ಲಿ ರೈತನೊಬ್ಬ ಕಾಂಟೆಸಾ ತಂದನೆಂದರೆ ಊರು ಸುಮ್ಮನಿದ್ದೀತೆ? ಊರು ನಕ್ಕಿತು, ಹೊಟ್ಟೆಕಿಚ್ಚು ಪಟ್ಟಿತು, ಮದುವೆಗಳಿಗೆ ಎರವಲು ಕೇಳಿತು. 1995ರಲ್ಲಿ ಮನೆಯ ಮಗಳು ಬಬಲೇಶ್ವರದ ಗಂಡನ ಮನೆಗೆ ಹೋದದ್ದು ಅದರ ಹಿಂದಿನ ಸೀಟಿನಲ್ಲಿ. ಕಿರಿಯ ಮಗ ಕಾಲೇಜಿಗೆ ಹೆಸರು ಹಚ್ಚಲು ಬಿಜಾಪುರಕ್ಕೆ ಬಂದು ಇಳಿದದ್ದು ಅದರ ಮುಂದಿನ ಸೀಟಿನಿಂದ. ಹಿರಿಯ ಮಗ ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟು ಹೊಲ ಹಿಡಿದವನು. ದ್ರಾಕ್ಷಿಯ ಪೆಟ್ಟಿಗೆಗಳನ್ನು ಡಿಕ್ಕಿಯಲ್ಲಿ ಹೇರುವುದು, ಬ್ಯಾಟರಿ ಇಳಿದ ಬೆಳಗುಗಳಲ್ಲಿ ಕಾರನ್ನು ದೂಡುವುದು ಅವನ ಪಾಲಿನ ಸವಾರಿ.

2009ರಲ್ಲಿ ಕಾರು ನಿಂತಿತು. 2014ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಮೇ ತಿಂಗಳಲ್ಲಿ ಉತ್ತರಪಾರಾದ ಕಾರಖಾನೆ ಬಾಗಿಲು ಹಾಕಿತು; ನವೆಂಬರ 1ಕ್ಕೆ ಬಿಜಾಪುರ ವಿಜಯಪುರವಾಯಿತು. 2017ರಲ್ಲಿ ವಾಟಣಿಯಾಗಿ ಹೊಲ, ಮನೆ, ಬಾವಿಯ ನೀರಿನ ಪಾಳಿ ಎಲ್ಲವೂ ಕಾಗದಕ್ಕೆ ಇಳಿದವು. ಪಾಳಿಯ ವಿಷಯದಲ್ಲಿ ಮಾತಿಗೆ ಮಾತು ಬೆಳೆದು ಅಣ್ಣ ತಮ್ಮಂದಿರು ದೂರವಾದರು. ಆ ಕಾಗದದಲ್ಲಿ ಕಾರಿನ ಹೆಸರೇ ಇರಲಿಲ್ಲ. ಅದನ್ನು ಆಸ್ತಿಯೆಂದು ಎಣಿಸಲು ಯಾರಿಗೂ ತೋಚಿರಲಿಲ್ಲ.

ಮನೆಯಲ್ಲಿ ಕಾರು ಬಿಚ್ಚುವ ಕೆಲಸ ಆರಂಭವಾದಾಗ ಮಾಸ್ತರರನ್ನು ಮೊದಲು ಕಾಡಿದ್ದು ಒಂದು ಒಗಟು. ವಿಜಯಪುರದಂಥ ಒಣ ಸೀಮೆಯಲ್ಲಿ ಕಬ್ಬಿಣಕ್ಕೆ ಜಂಗು ಹಿಡಿಯುವುದು ನಿಧಾನ. ಕರಾವಳಿಯಲ್ಲಿ ಹದಿನಾಲ್ಕು ವರ್ಷ ನಿಂತ ಕಾರು ಮಣ್ಣಾಗಿಬಿಡುತ್ತದೆ, ಇಲ್ಲಿ ಹಾಗಲ್ಲ. ಅಡಿಯ ಚೌಕಟ್ಟು ಗಟ್ಟಿಯಾಗಿಯೇ ಇತ್ತು. ಆದರೆ ಬಂಪರು, ಕನ್ನಡಿಯ ಅಂಚು, ಬಾಗಿಲ ಹಿಡಿಕೆಗಳ ಮೇಲಿನ ಕ್ರೋಮಿಯಂ ಮಾತ್ರ ಸಿಡುಬು ಎದ್ದ ಮುಖದಂತೆ ಗುಳಿಬಿದ್ದಿತ್ತು. ಉತ್ತರ ಸಿಕ್ಕಿದ್ದು ರಸಾಯನಶಾಸ್ತ್ರದ ಪಾಠದಲ್ಲಿಯೇ. ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟು ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ನೆರಳಿನಲ್ಲಿ ಒಣಗಿಸುತ್ತಾರೆ. ಬಣ್ಣ ಹೊನ್ನಿನಂತೆ ಉಳಿಯಲೆಂದು ಆಮೇಲೆ ಗಂಧಕದ ಹೊಗೆ ಕೊಡುವುದುಂಟು. ಆ ಹೊಗೆ ಗಾಳಿಯ ತೇವದೊಡನೆ ಕೂಡಿ ಆಮ್ಲವಾಗುತ್ತದೆ. ವರುಷ ವರುಷವೂ ಸುಗ್ಗಿಯಲ್ಲಿ ದ್ರಾಕ್ಷಿಗೆ ಹೊನ್ನಿನ ಬಣ್ಣ ಕೊಟ್ಟ ಹೊಗೆಯೇ ಪಕ್ಕದಲ್ಲಿದ್ದ ಕಾರಿನ ಬೆಳ್ಳಿ ಬಣ್ಣವನ್ನು ತಿಂದುಹಾಕಿತ್ತು. ಮಾಸ್ತರರ ಮಡದಿ ತಾಮ್ರದ ಕೊಡ ಬೆಳಗುವ ಹುಣಸೆಯ ಹುಳಿ ತಂದು ಒಂದು ಹಿಡಿಕೆಯ ಮೇಲೆ ತಿಕ್ಕಿ ನೋಡಿದಳು. ಮೇಲಿನ ಕಪ್ಪು ಹೋಯಿತು, ಗುಳಿಗಳು ಹೋಗಲಿಲ್ಲ. ಆದರೆ ಅಂದಿನಿಂದ ಆಕೆ ಜಾಗದ ಮಾತು ಎತ್ತಲಿಲ್ಲವೆಂಬುದನ್ನು ಇಲ್ಲಿ ದಾಖಲಿಸತಕ್ಕದ್ದು.

ಹಿಂದಿನ ಸೀಟನ್ನು ಎತ್ತಿದಾಗ ಇಲಿಯ ಗೂಡು, ನಾಲ್ಕಾಣೆಯ ಮೂರು ನಾಣ್ಯ, ಕಲ್ಲಾದ ಒಣದ್ರಾಕ್ಷಿ, ಹಸಿರು ಬಳೆಯ ಚೂರುಗಳು ಸಿಕ್ಕವು. ಮಾಸ್ತರರು ಬಳೆಯ ಚೂರುಗಳನ್ನು ಒಂದು ಬೆಂಕಿಪೊಟ್ಟಣದಲ್ಲಿ ಹಾಕಿ ಎತ್ತಿಟ್ಟರು. ತಂತಿಗಳೆಲ್ಲವನ್ನೂ ಇಲಿಗಳು ತಿಂದಿದ್ದವು.

ಎಂಜಿನು ಕಚ್ಚಿಕೊಂಡಿತ್ತು. ನಿಂತ ಎಂಜಿನಿನಲ್ಲಿ ಪಿಸ್ಟನ್ನಿನ ಉಂಗುರಗಳು ಸಿಲಿಂಡರಿನ ಗೋಡೆಗೆ ಜಂಗಿನಿಂದ ಅಂಟಿಕೊಳ್ಳುತ್ತವೆ; ಅವಸರದಿಂದ ತಿರುಗಿಸಿದರೆ ಉಂಗುರ ಮುರಿಯುತ್ತದೆ. ಅರವತ್ತು ದಾಟಿದ ಮಿಸ್ತ್ರಿಯೊಬ್ಬರು ಸಂಜೆಯ ಹೊತ್ತು ಬಂದು ಉಪಾಯ ಹೇಳಿಕೊಟ್ಟರು. ನಾಲ್ಕೂ ಪ್ಲಗ್ಗು ಬಿಚ್ಚಿ, ಡೀಝೆಲ್ಲಿಗೆ ಎಂಜಿನ್ ಎಣ್ಣೆ ಬೆರೆಸಿ ಪ್ರತಿ ಸಿಲಿಂಡರಿಗೂ ಒಂದೊಂದು ಬಟ್ಟಲು ಹೊಯ್ದು ಬಿಡುವುದು. ದಿನಕ್ಕೊಮ್ಮೆ ಮುಂದಿನ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ, ಮಗುವಿನ ಕೈ ಹಿಡಿದು ಎಬ್ಬಿಸುವಷ್ಟೇ ಬಲದಿಂದ ಎಳೆದು ನೋಡುವುದು. ಎಂಟು ದಿನ ಅದು ಅಲುಗಲಿಲ್ಲ. ಒಂಬತ್ತನೆಯ ಸಂಜೆ ಒಂದು ಕಾಳಿನಷ್ಟು ಸರಿಯಿತು. ಮಾಸ್ತರರು ಒಳಗೆ ಹೋಗಿ ಮಡದಿಯನ್ನೂ ಮಗಳನ್ನೂ ಕರೆತಂದು ಆ ಕಾಳಿನಷ್ಟನ್ನು ತೋರಿಸಿದರು. ನೋಡಲು ಏನೂ ಇರಲಿಲ್ಲ. ಆದರೂ ಅವರು ನೋಡಿದರು.

ಅಂಬ್ಯಾಸಿಡರಿನ ಎಂಜಿನಾದ್ದರಿಂದ ಬಿಡಿಭಾಗಗಳಿಗೆ ಬರವಿರಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷ ದೇಶದ ಬಾಡಿಗೆ ಕಾರುಗಳಿಗೆಲ್ಲ ಜೀವವಾಗಿದ್ದ ಬಳಗ ಅದು. ಉಂಗುರ, ಬೇರಿಂಗು, ಗ್ಯಾಸ್ಕೆಟ್ಟು ಹಳೆಯ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತವೆ. ಕಾಲ ಬದಲಾದದ್ದರಿಂದ ಹುಟ್ಟಿದ ತೊಡಕುಗಳು ಬೇರೆ. ಹಿಂದೆ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಹೊಗೆ ಹೊರಹೋಗುವ ವಾಲ್ವು ತನ್ನ ಪೀಠದ ಮೇಲೆ ಬಡಿಯುವಾಗ ಆ ಸೀಸದ ತೆಳುಪದರವೇ ಮೆತ್ತೆಯಾಗಿರುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲು ಬಂದಿತು. ಜನರ ಎದೆಗೆ ಒಳಿತಾಯಿತು, ಹಳೆಯ ಬೀಡುಕಬ್ಬಿಣದ ವಾಲ್ವುಪೀಠಗಳು ಸವೆಯತೊಡಗಿದವು. ಅದಕ್ಕಾಗಿ ಎಂಜಿನಿನ ತಲೆಯನ್ನು ಸೊಲ್ಲಾಪುರದ ಯಂತ್ರಶಾಲೆಗೆ ಒಯ್ದು ಗಟ್ಟಿ ಉಕ್ಕಿನ ಪೀಠಗಳನ್ನು ಕೂಡಿಸಿಕೊಂಡು ಬರಬೇಕಾಯಿತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥೆನಾಲು. ಅದು ಹಳೆಯ ರಬ್ಬರನ್ನು ಮೆತ್ತಗೆ ಮಾಡಿ ಕರಗಿಸುತ್ತದೆ. ಆದ್ದರಿಂದ ಪೆಟ್ರೋಲಿನ ಕೊಳವೆಗಳೂ ಪಂಪಿನ ಪರದೆಯೂ ಹೊಸ ಜಾತಿಯ ರಬ್ಬರಿನವಾದವು. ಬ್ರೇಕಿನ ರಬ್ಬರುಗಳನ್ನಂತೂ ನೋಡದೆಯೇ ಎಸೆದರು. ಮಿಸ್ತ್ರಿ ಹೇಳುತ್ತಿದ್ದರು: "ಗಾಡಿ ಓಡ್ಲಿಲ್ಲಂದ್ರ ಮಂದಿ ನಗ್ತಾರ್ರೀ ಸರ್, ನಿಲ್ಲಲಿಲ್ಲಂದ್ರ ಅಳ್ತಾರ."

ಹಣದ ಮಾತು ಎಷ್ಟು ಕಡಿಮೆ ಆಡಿದರೆ ಅಷ್ಟು ಮೇಲು. ಮಗಳ ಕಾಲೇಜಿನ ಫೀ ಕಟ್ಟುವ ತಿಂಗಳಲ್ಲಿ ಕೆಲಸ ನಿಲ್ಲುತ್ತಿತ್ತು, ದೀಪಾವಳಿಯಲ್ಲಿ ನಿಲ್ಲುತ್ತಿತ್ತು. ಹೀಗೆ ಎರಡು ವರ್ಷ ನಡೆಯಿತು.

ಅತ್ಯಂತ ಪ್ರಯಾಸದ್ದು ತಗಡಿನ ಕೆಲಸ. ಬಾಗಿಲುಗಳ ಅಡಿಯಲ್ಲಿ ನೀರು ಬಸಿದು ಹೋಗಲು ಸಣ್ಣ ತೂತುಗಳಿರುತ್ತವೆ. ಎರೆಮಣ್ಣಿನ ಧೂಳು ತುಂಬಿ ಅವು ಮುಚ್ಚಿದ್ದವು. ವರುಷಕ್ಕೆ ಬೀಳುವ ನಾಲ್ಕು ಮಳೆಯ ನೀರು ಅಲ್ಲಿಯೇ ನಿಂತು ಒಳಗಿನಿಂದ ತಿಂದಿತ್ತು. ಇಂಥಲ್ಲಿ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಎರಡು ಮಳೆಗಾಲ ಬಾಳುತ್ತದೆ, ಮೂರನೆಯದರಲ್ಲಿ ಉದುರುತ್ತದೆ. ಕೊಳೆತಷ್ಟನ್ನು ಕತ್ತರಿಸಿ ಹೊಸ ತಗಡು ಬೆಸೆಯುವುದೇ ಸರಿಯಾದ ದಾರಿ. ಎಷ್ಟು ಬದಲಿಸಬೇಕು, ಎಷ್ಟು ಉಳಿಸಬೇಕು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಶೋಕಿಯವರು ಎಲ್ಲವನ್ನೂ ಕಿತ್ತು, ಮಿಂಚುವ ಚಕ್ರ ಹಾಕಿ, ಕರಿ ಬಣ್ಣ ಹೊಡೆಸಿ, ಕಾರ್ಖಾನೆಯವರೇ ಗುರುತಿಸದಂತೆ ಮಾಡುತ್ತಾರೆ. ಅದು ದುರಸ್ತಿಯಲ್ಲ, ಹಳೆಯ ಹೆಸರಿನಲ್ಲಿ ಮಾಡಿದ ಹೊಸ ಮದುವೆ. ಮಾಸ್ತರರು ತಂದೆಯ ಕಾಲದ ತಿಳಿಕೆನೆ ಬಣ್ಣವನ್ನೇ ಹುಡುಕಿದರು. ಬಿಸಿಲು ತಾಗದ ಡ್ಯಾಶ್‌ಬೋರ್ಡಿನ ಹಿಂದಿನ ಅಂಗೈಯಷ್ಟು ಜಾಗವನ್ನು ಮಾದರಿಯಾಗಿ ತೋರಿಸಿ ಬಣ್ಣ ಕೂಡಿಸಿದರು.

ಬಣ್ಣ ಹೊಡೆಯುವುದಕ್ಕೆ ವಿಜಯಪುರದ ಬೇಸಿಗೆಯಷ್ಟು ಕೆಟ್ಟ ಕಾಲ ಇನ್ನೊಂದಿಲ್ಲ. ಹತ್ತು ಗಂಟೆಗೆ ಗಾಳಿ ಎದ್ದರೆ ಸಂಜೆಯ ವರೆಗೆ ಧೂಳು. ಬಿಸಿಲಿಗೆ ಬಣ್ಣ ಬಂದೂಕಿನಿಂದ ತಗಡಿಗೆ ತಲುಪುವ ಮೊದಲೇ ಅರ್ಧ ಒಣಗಿ ಕಿತ್ತಳೆಯ ಸಿಪ್ಪೆಯಂತೆ ತರಕಾಗುತ್ತದೆ. ಆದ್ದರಿಂದ ಅಟ್ಟಣಿಗೆಯ ಸುತ್ತ ಹಳೆಯ ಇಳಕಲ್ಲ ಸೀರೆಗಳನ್ನು ಒದ್ದೆ ಮಾಡಿ ಇಳಿಬಿಟ್ಟರು. ನೆಲಕ್ಕೆ ನೀರು ಚಿಮುಕಿಸಿದರು. ಬೆಳಗಿನ ಐದಕ್ಕೆ ಕೆಲಸ ಹಿಡಿದು ಎಂಟಕ್ಕೆ ಬಿಟ್ಟರು. ನಡುವೆ ಪಾಲಿಶ್ ಕಾಗದದಿಂದ ತಿಕ್ಕುವ ಕೆಲಸ: ಮೊದಲು 220, ಆಮೇಲೆ 400, ಕೊನೆಗೆ 800, ನೀರು ಹಾಕಿ. ಓಣಿಯ ಹುಡುಗರೆಲ್ಲ ಸೇರಿ ತಿಕ್ಕಿದರು. ವಿಜ್ಞಾನದಲ್ಲಿ ಹಿಂದೆ ಬಿದ್ದವರೂ ಇದರಲ್ಲಿ ಮೊದಲ ವರ್ಗ ಪಡೆದರು.

ತಗಡಿಗಿಂತ ಗಟ್ಟಿಯಾದದ್ದು ಕಾಗದ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಪುರಾತನ ವಾಹನಗಳಿಗೆಂದು ಬೇರೆ ನಿಯಮ ಮಾಡಿತು. 50 ವರ್ಷ ತುಂಬಿ, ಮೂಲ ರೂಪದಲ್ಲಿರುವ ಗಾಡಿಗೆ ವಿಶೇಷ ಸಂಖ್ಯೆ, ವಿಶೇಷ ಗೌರವ. ಮಾಸ್ತರರ ಕಾರಿಗೆ ಆ ಗೌರವ ಸಿಗಲು 2036ರ ವರೆಗೆ ಕಾಯಬೇಕು. ಹಳೆಯದೆಂದು ದಂಡ ಕಟ್ಟುವಷ್ಟು ಮುದುಕ, ಹಳೆಯದೆಂದು ಮಾನ ಪಡೆಯುವಷ್ಟು ಮುದುಕನಲ್ಲ. ಸಾಮಾನ್ಯ ನೋಂದಣಿಯನ್ನು ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ತಡವಾದ ತಿಂಗಳುಗಳ ದಂಡ ಬೇರೆ. ಇದೆಲ್ಲ ಹಣದಿಂದ ಬಗೆಹರಿಯುವ ಮಾತು. ಬಗೆಹರಿಯದ್ದು ಹೆಸರು. ಪುಸ್ತಕದಲ್ಲಿದ್ದ ಮಾಲಿಕ ಇಲ್ಲವಾಗಿದ್ದಾನೆ. ವಾರಸುದಾರನ ಹೆಸರಿಗೆ ಮಾಡಬೇಕಾದರೆ 31ನೆಯ ನಮೂನೆ ತುಂಬಬೇಕು. ಉಳಿದ ವಾರಸುದಾರರೆಲ್ಲ ತಮ್ಮ ತಕರಾರಿಲ್ಲವೆಂದು ಸಹಿ ಹಾಕಬೇಕು. ಎಂಜಿನಿನ ಕಚ್ಚನ್ನು ಒಂಬತ್ತು ದಿನದಲ್ಲಿ ಬಿಡಿಸಿದವರಿಗೆ ಈ ಎರಡು ಸಹಿಗಳಿಗಾಗಿ ಮನೆಯಿಂದ ಹೊರಡಲು ನಾಲ್ಕು ತಿಂಗಳು ಹಿಡಿಯಿತು.

ಮೊದಲು ಬಬಲೇಶ್ವರಕ್ಕೆ ಹೋದರು. ಅಕ್ಕ ಚಹಾ ಕೊಟ್ಟಳು, ಕಾಗದ ಓದಿದಳು, ಮಡಚಿಟ್ಟಳು. "ಹೊಲಕ್ಕ ಸಹಿ ಮಾಡಿಸಿಕೊಂಡ್ರಿ, ಮನಿಗೆ ಸಹಿ ಮಾಡಿಸಿಕೊಂಡ್ರಿ. ಈಗ ಗಾಡಿಗೂ ಬೇಕೇನು?" ಎಂದಳು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿದೆ. ವಾಟಣಿಯ ದಿನ ಆಕೆ ಹಕ್ಕು ಬಿಟ್ಟುಕೊಟ್ಟು ಸಹಿ ಮಾಡಿದ್ದಳು. ತಮ್ಮಂದಿರಿಬ್ಬರೂ ಅದನ್ನು ಸೂರ್ಯ ಮೂಡಿದಷ್ಟು ಸಹಜವೆಂದು ಎಣಿಸಿ ಆ ವಿಷಯವನ್ನು ಮರೆತಿದ್ದರು. ಮಾಸ್ತರರು ಉತ್ತರ ಕೊಡಲಿಲ್ಲ. ಕೊಡುವಂಥ ಉತ್ತರ ಇರಲಿಲ್ಲ. ಕಿಸೆಯಿಂದ ಬೆಂಕಿಪೊಟ್ಟಣ ತೆಗೆದು ಮುಂದಿಟ್ಟರು. ಆಕೆ ಬಳೆಯ ಚೂರುಗಳನ್ನು ಬೆರಳಿನಿಂದ ಆಡಿಸುತ್ತ ಬಹಳ ಹೊತ್ತು ಕುಳಿತಳು. ಆ ದಿನ ಸಹಿ ಆಗಲಿಲ್ಲ. ಎರಡು ವಾರದ ಮೇಲೆ ಟಪಾಲಿನಲ್ಲಿ ಬಂದಿತು. ಜೊತೆಗೆ ಒಂದು ಚೀಟಿ: ಹಿಂದಿನ ಸೀಟಿನ ಬಟ್ಟೆ ಬದಲಿಸಕೂಡದು.

ತಿಕೋಟಾದಲ್ಲಿ ಅಣ್ಣ ಕಾಗದ ಓದಲೂ ಇಲ್ಲ. "ಮಾರ್ತಿಯೇನು?" ಎಂದ.

"ಇಲ್ಲಣ್ಣಾ."

"ಮತ್ತ ಯಾಕ ಬೇಕು?"

ಮಾಸ್ತರರು, ಅಪ್ಪನ ಗಾಡಿ, ಓಡಲಿ ಅಂತ ಎಂದರು. ಅಣ್ಣ ಕತ್ತರಿಯಿಂದ ದ್ರಾಕ್ಷಿಯ ಬಳ್ಳಿ ಚಾಟಣಿ ಮಾಡುತ್ತಲೇ ಇದ್ದ. "ಆ ಗಾಡ್ಯಾಗ ಕುಂತಾಂವ ನೀ, ದೂಡಿದಾಂವ ನಾ. ನಿನಗ ಅದರ ನೆಪ್ಪು ಬ್ಯಾರೆ, ನನಗ ಬ್ಯಾರೆ" ಎಂದ. ಒಂದು ಸಾಲು ಮುಗಿದ ಮೇಲೆ ಕೈಯೊರೆಸಿಕೊಂಡು ಸಹಿ ಹಾಕಿದ. ಅನಂತರ ಕೇಳಿದ ಪ್ರಶ್ನೆಯನ್ನು ಮಾಸ್ತರರು ನಿರೀಕ್ಷಿಸಿರಲಿಲ್ಲ: "ಸೆಕೆಂಡ್ ಗೇರು ಜಿಗೀತಿತ್ತು. ನೋಡೀಯಿಲ್ಲೊ?"

ನೋಡಿರಲಿಲ್ಲ. ಓಡದ ಕಾರಿನಲ್ಲಿ ಗೇರು ಜಿಗಿಯುವುದು ತಿಳಿಯುವ ಬಗೆಯೆಂತು?

ಮುಂದಿನ ರವಿವಾರ ಒಣದ್ರಾಕ್ಷಿಯ ಚೀಲ ಮಾರಲು ವಿಜಯಪುರಕ್ಕೆ ಬಂದ ಅಣ್ಣ ಮನೆಯ ಮುಂದೆ ಇಳಿದ. ಒಳಗೆ ಬರಲಿಲ್ಲ, ಕಾರಿನ ಕೆಳಗೆ ಹೋದ. ಹದಿನೇಳು ವರ್ಷ ಅದನ್ನು ದೂಡಿದವನಿಗೆ ಅದರ ಒಂದೊಂದು ರೋಗವೂ ಬಾಯಿಪಾಠವಾಗಿತ್ತು: ಚಳಿಗೆ ಚೋಕನ್ನು ಎಷ್ಟು ಎಳೆಯಬೇಕು, ಎಡ ಹಿಂಬಾಗಿಲು ಯಾವ ಕೋನದಲ್ಲಿ ಹಾಕಿಕೊಳ್ಳುತ್ತದೆ, ರೇಡಿಯೇಟರು ಎಲ್ಲಿ ಬಸಿಯುತ್ತದೆ. ಆ ರವಿವಾರ, ಅದರ ಮುಂದಿನ ರವಿವಾರ, ಹೀಗೆ ಮಳೆಗಾಲ ಕಳೆಯಿತು. ಅವರ ಸಂಭಾಷಣೆಯನ್ನು ಯಾರಾದರೂ ಬರೆದುಕೊಂಡಿದ್ದರೆ ಅದರಲ್ಲಿ ಪಾನಾದ ಸಂಖ್ಯೆಗಳನ್ನು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. "ಹದಿಮೂರು ಕೊಡು." "ಹದಿಮೂರಲ್ಲ, ಅರ್ಧ ಇಂಚು." ಬಾವಿಯ ಪಾಳಿಯ ಮಾತು ಒಮ್ಮೆಯೂ ಬರಲಿಲ್ಲ. ನಾಲ್ಕನೆಯ ರವಿವಾರ ಆತ ಒಳಗೆ ಬಂದು ಊಟ ಮಾಡಿದ.

2025ರ ಕೊನೆಯಲ್ಲಿ ಸಾರಿಗೆ ಕಚೇರಿಯ ಪರೀಕ್ಷೆಯಾಯಿತು. ಪರೀಕ್ಷಕರು ಚಾಸಿಸಿನ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿ ಅಚ್ಚು ತೆಗೆದರು. ಬ್ರೇಕು ಹಾಕಿಸಿ ನೋಡಿದರು. ಹಳೆಯ ಪುಸ್ತಕದಲ್ಲಿ ಬಿಜಾಪುರವೆಂದು ಇದ್ದದ್ದನ್ನು ಕಂಡು ಹೊಸದರಲ್ಲಿ ವಿಜಯಪುರವೆಂದು ಬರುವುದಾಗಿ ತಿಳಿಸಿದರು. ಹೊಸ ಪುಸ್ತಕ ಕೈಗೆ ಬಂದ ವಾರ ಕಾರು ಮೊದಲು ತಿಕೋಟಾಕ್ಕೆ, ಅಲ್ಲಿಂದ ಅಣ್ಣನನ್ನು ಕೂಡಿಸಿಕೊಂಡು ಬಬಲೇಶ್ವರಕ್ಕೆ ಹೋಯಿತು. ಅಣ್ಣ ನಡೆಸಿದ. ಅಕ್ಕ ಹೊರಬಂದು, ಯಾರೊಡನೆಯೂ ಮಾತಾಡದೆ, ಹಿಂದಿನ ಬಾಗಿಲು ತೆಗೆದು ಕುಳಿತು ಬಾಗಿಲು ಹಾಕಿಕೊಂಡಳು. ಓಣಿಯ ಮಂದಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಇಳಿದು, "ಸ್ಪ್ರಿಂಗ್ ಬದಲಿ ಮಾಡ್ಸಿರೇನು? ಆವಾಗ ಬಲಕ್ಕ ಚುಚ್ಚತಿತ್ತು" ಎಂದಳು. ಬದಲಿ ಮಾಡಿಸಿದ್ದರು, ಬಟ್ಟೆ ಮಾತ್ರ ಹಳೆಯದು.

ಊಟವಾದ ಮೇಲೆ ಆಕೆ ತಮ್ಮಂದಿರಿಬ್ಬರನ್ನೂ ಕೂಡಿಸಿ, ಹೊಲದ ಕಾಗದಗಳನ್ನು ಇನ್ನೊಮ್ಮೆ ನೋಡಬೇಕಾಗಿದೆ, ಮುಂದಿನ ಸಲ ಬರುವಾಗ ತನ್ನಿರಿ ಎಂದು ಹೇಳಿದಳು. ಇಬ್ಬರೂ ಹೂಂ ಎಂದರು. ಹಿಂದಿರುಗುವ ದಾರಿಯಲ್ಲಿ ಅದರ ಬಗ್ಗೆ ಯಾರೂ ಮಾತಾಡಲಿಲ್ಲ.

ಎಡಗಡೆಯ ಹಿಂದಿನ ದೀಪದ ಗಾಜು ಮಾತ್ರ ಇನ್ನೂ ಸಿಕ್ಕಿಲ್ಲ. ನಾಮಫಲಕ ಮಾಡುವವನೊಬ್ಬ ಕೆಂಪು ಅಕ್ರಿಲಿಕ್ ಹಾಳೆಯನ್ನು ಬಿಸಿಮಾಡಿ ಬಗ್ಗಿಸಿ ಕೊಟ್ಟದ್ದು ಸದ್ಯಕ್ಕೆ ಅಲ್ಲಿದೆ. ಮೀರಜಿನಲ್ಲಿ ಒಬ್ಬನ ಹತ್ತಿರ ಇದೆಯೆಂದು ಅಣ್ಣನಿಗೆ ಯಾರೋ ಹೇಳಿದ್ದಾರೆ. ದ್ರಾಕ್ಷಿಯ ಸುಗ್ಗಿ ಮುಗಿದ ಮೇಲೆ ಹೋಗಿ ನೋಡುವುದೆಂದು ಗೊತ್ತಾಗಿದೆ.